ಫಿಂಚ್ ಜೋಡಿಯಲ್ಲಿ ಒಂದು ಸತ್ತರೆ: ಉಳಿದಿದ್ದನ್ನು ನೋಡಿಕೊಳ್ಳುವುದು ಹೇಗೆ

ಫಿಂಚ್ ಅಂದರೆ ಮನೆಯಲ್ಲಿ ಜೋಡಿಯಾಗಿ ಸಾಕುವ, ಕಾಳು ತಿನ್ನುವ ಪುಟ್ಟ ಹಕ್ಕಿ. ಬೆಳಿಗ್ಗೆ ಪಂಜರದ ಬಟ್ಟೆ ತೆಗೆದರೆ ಒಂದು ಹಕ್ಕಿ ತಟ್ಟೆಯಲ್ಲಿ ಬಿದ್ದಿರುತ್ತದೆ. ಇನ್ನೊಂದು ಮೇಲಿನ ಕೋಲಿನಲ್ಲಿ ಕೂತು ಒಂದೇ ಸಮ ಕೂಗುತ್ತಿರುತ್ತದೆ. ಆಗ ಮುಕ್ಕಾಲುವಾಸಿ ಜನ ಮಾಡುವ ತಪ್ಪು ಒಂದೇ. ಸಂಜೆಯೊಳಗೆ ಅಂಗಡಿಗೆ ಓಡಿ ಇನ್ನೊಂದನ್ನು ತಂದು ಅದೇ ಪಂಜರಕ್ಕೆ ಬಿಡುವುದು.

ನಾನೂ ಮಾಡಿದ್ದೇನೆ. ಮೈಸೂರಿನ ನಮ್ಮ ಮನೆಯಲ್ಲಿ ಒಂದು ಜನವರಿ ಚಳಿಯಲ್ಲಿ ಹೆಣ್ಣು ಜೀಬ್ರಾ ಫಿಂಚ್, ಮೊಟ್ಟೆ ಹೊರಗೆ ಬಾರದೆ ಒಳಗೇ ಸಿಕ್ಕಿಕೊಂಡು ಸತ್ತಿತು. ಗಂಡು ಒಂಟಿ ಆಯ್ತಲ್ಲ ಅಂತ ಮಾರನೇ ದಿನವೇ ಹೊಸ ಹೆಣ್ಣು ತಂದು ಬಿಟ್ಟೆ. ರಾತ್ರಿ ಲೈಟ್ ಆರಿಸಿದ ಮೇಲೆ ಪಂಜರದ ಕಡೆಯಿಂದ ಸಣ್ಣಗೆ ಟಿಕ್, ಟಿಕ್ ಅಂತ ಸದ್ದು ಬರುತ್ತಿತ್ತು, ಗೋಡೆ ಗಡಿಯಾರ ಇರಬೇಕು ಅಂದುಕೊಂಡು ಮಲಗಿದೆ. ಅದು ಹೊಸ ಹಕ್ಕಿಯ ಉಸಿರು. ಮೂರು ವಾರ ಆಗುವಷ್ಟರಲ್ಲಿ ಹಳೇ ಗಂಡಿಗೂ ಅದೇ ಸದ್ದು ಶುರುವಾಯಿತು, ಆಮೇಲೆ ಎರಡೂ ಉಳಿಯಲಿಲ್ಲ.

ಅದಕ್ಕೇ ಹೇಳುವುದು, ಉಳಿದ ಹಕ್ಕಿಗೆ ಜೋಡಿ ಹುಡುಕುವುದು ಕೊನೇ ಕೆಲಸ. ಮೊದಲು ಅದಕ್ಕೂ ಕಾಯಿಲೆ ಇರಬಹುದು ಅಂತಲೇ ನೋಡಬೇಕು. ಇಲ್ಲಿರುವುದು ಹೆಚ್ಚಾಗಿ ಜೀಬ್ರಾ ಫಿಂಚ್ ವಿಷಯ. ಬೆಂಗಾಲಿ ಫಿಂಚ್‌ಗೂ ಬಹುಪಾಲು ಇದೇ ನಡೆಯುತ್ತದೆ.

ಸತ್ತ ಹಕ್ಕಿ ಕಣ್ಣ ಮುಂದಿದೆ, ಕಾರಣ ಗೊತ್ತಿಲ್ಲ

ಕೂಡಲೇ ಮಣ್ಣು ಮಾಡಬೇಡಿ. ಐದು ನಿಮಿಷ ನೋಡಿ, ಖರ್ಚಿಲ್ಲ. ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಎತ್ತಿಕೊಳ್ಳಿ. ಎದೆಯ ನಡುವಿನ ಮೂಳೆ ಚಾಕುವಿನ ಹಾಗೆ ಚೂಪಾಗಿ ಕೈಗೆ ತಾಗಿದರೆ ಹಕ್ಕಿ ಬಹಳ ದಿನದಿಂದ ಸೊರಗಿತ್ತು ಅಂತ ಅರ್ಥ, ಒಂದೇ ರಾತ್ರಿಯಲ್ಲಿ ಆದದ್ದಲ್ಲ. ಎದೆ ತುಂಬಿಕೊಂಡಿದ್ದು ತಲೆಯಲ್ಲೋ ರೆಕ್ಕೆಯಲ್ಲೋ ಗಾಯ ಇದ್ದರೆ ರಾತ್ರಿ ಬೆಚ್ಚಿ ಕಂಬಿಗೆ ಬಡಿದುಕೊಂಡಿರಬಹುದು. ದೀಪಾವಳಿ ಪಟಾಕಿ, ಬೆಕ್ಕು, ಇಲಿ, ಕತ್ತಲಲ್ಲಿ ಆಷಾಢದ ಗಾಳಿಗೆ ಪಟ್ಟನೆ ಬಡಿದ ಕಿಟಕಿ, ಯಾವುದಾದರೂ ಸಾಕು. ಹೆಣ್ಣಾಗಿದ್ದು ಕೆಳಹೊಟ್ಟೆಯಲ್ಲಿ ಗಟ್ಟಿ ಗುಂಡು ಸಿಕ್ಕಿದರೆ ಮೊಟ್ಟೆ ಸಿಕ್ಕಿಕೊಂಡಿದೆ. ಬಾಲದ ಕೆಳಗಿನ ಗರಿ ಹಿಕ್ಕೆಯಿಂದ ಅಂಟಂಟಾಗಿದ್ದರೆ ಹೊಟ್ಟೆಯ ಸೋಂಕಿನ ಸಂಶಯ ಪಡಿ.

ಗಾಯ, ಮೊಟ್ಟೆ ಎರಡೂ ಇನ್ನೊಂದು ಹಕ್ಕಿಗೆ ಅಂಟುವುದಿಲ್ಲ. ಸೊರಗಿದ ಎದೆ, ಅಂಟಿದ ಗರಿ ಕಂಡರೆ, ಅಥವಾ ಕಾರಣವೇ ಗೊತ್ತಾಗದಿದ್ದರೆ ಉಳಿದ ಹಕ್ಕಿಯ ಮೇಲೆ ಎರಡು ವಾರ ಕಣ್ಣಿಟ್ಟಿರಿ. ಏನೂ ತಿಳಿಯದಿದ್ದರೆ ಕವರ್‌ನಲ್ಲಿ ಕಟ್ಟಿ, ಅದನ್ನು ಡಬ್ಬಿಯಲ್ಲಿಟ್ಟು ಮುಚ್ಚಿ ಫ್ರಿಜ್‌ನ ಕೆಳಗಿನ ಭಾಗದಲ್ಲಿಡಿ. ಫ್ರೀಜರ್ ಬೇಡ, ಹೆಪ್ಪುಗಟ್ಟಿದರೆ ಪೋಸ್ಟ್ ಮಾರ್ಟಮ್ ಮಾಡುವವರಿಗೆ ಕಷ್ಟ. ಮನೆಯವರ ಹತ್ತಿರ ಬೈಸಿಕೊಳ್ಳುತ್ತೀರಿ, ಇರಲಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳಿಗೆ ಮುಟ್ಟಲು ಕೊಡಬೇಡಿ.

ಒಂದೇ ವಾರದಲ್ಲಿ ಎರಡು ಮೂರು ಹಕ್ಕಿ ಹೋದರೆ, ಅಥವಾ ಬೀದಿಯಲ್ಲಿ ಕಾಗೆ ಕೋಳಿಗಳೂ ಸಾಯುತ್ತಿದ್ದರೆ, ನೀವೇ ಕೈ ಹಾಕಬೇಡಿ. ಪಶುಪಾಲನಾ ಇಲಾಖೆಯ ಹತ್ತಿರದ ಆಸ್ಪತ್ರೆಗೆ ತಿಳಿಸಿ.

ಉಳಿದ ಹಕ್ಕಿ ಗರಿ ಉಬ್ಬಿಸಿಕೊಂಡು ಮುದುರಿ ಕೂತಿದೆ

ಇದನ್ನು ನೋಡಿದ ಕೂಡಲೇ ನಾವೆಲ್ಲ "ಪಾಪ, ದುಃಖ" ಅಂತೀವಿ. ಜೋಡಿ ಹೋದ ಹಕ್ಕಿ ಮಂಕಾಗುವುದು ನಿಜ. ಆದರೆ ಮಂಕಾದ ಹಕ್ಕಿ ಓಡಾಡುತ್ತದೆ, ಕೂಗುತ್ತದೆ, ಕಾಳು ಕುಕ್ಕುತ್ತದೆ. ಹಗಲು ಹೊತ್ತಿನಲ್ಲಿ ಚೆಂಡಿನ ಹಾಗೆ ಉಬ್ಬಿ, ಎರಡೂ ಕಾಲೂರಿ ಕಣ್ಣು ಮುಚ್ಚಿ ಕೂತಿದ್ದರೆ ಅದು ಕಾಯಿಲೆ. ದುಃಖ ಅಂತ ಕಾಯುತ್ತಾ ಕೂತರೆ ಹಕ್ಕಿ ಉಳಿಯುವುದಿಲ್ಲ.

ಮೊದಲು ಕಾಳಿನ ಬಟ್ಟಲು ನೋಡಿ. ತುಂಬಿದೆ ಅನ್ನಿಸುತ್ತದೆ, ಅಲ್ವಾ? ಅದನ್ನು ಬಾಯಿ ಹತ್ತಿರ ಹಿಡಿದು ಒಮ್ಮೆ ಊದಿ. ಫಿಂಚ್ ನವಣೆಯ ಸಿಪ್ಪೆ ಸುಲಿದು ತಿರುಳು ತಿಂದು ಸಿಪ್ಪೆಯನ್ನು ಅಲ್ಲೇ ಉದುರಿಸುತ್ತದೆ. ನೀವು ಊದಿದಾಗ ಹೊಂಬಣ್ಣದ ಹೊಟ್ಟೆಲ್ಲ ಮುಖಕ್ಕೆ ಹಾರಿ ತಳದಲ್ಲಿ ನಾಲ್ಕು ಕಾಳು ಉಳಿದರೆ, ಹಕ್ಕಿ ತುಂಬಿದ ಬಟ್ಟಲ ಮುಂದೆ ಹಸಿದು ಕೂತಿತ್ತು ಅಂತಾಯಿತು. ಹನ್ನೆರಡರಿಂದ ಹದಿನೈದು ಗ್ರಾಂ ತೂಗುವ ಜೀವ ಅದು. ಒಂದು ದಿನ ಹೊಟ್ಟೆಗಿಲ್ಲದಿದ್ದರೂ ಜೀವಕ್ಕೆ ಕುತ್ತು. ಮದ್ದೂರು ಕಡೆಯ ಒಬ್ಬ ಹುಡುಗ ಫೋನ್ ಮಾಡಿ "ಅಣ್ಣ, ಕಾಳು ತುಂಬೈತೆ, ತಿನ್ನಾಕಿಲ್ಲ ಕಣಣ್ಣ, ಇದೂ ಹೋಗ್ಬುಡ್ತದಾ?" ಅಂದಾಗ ನಾನು ಹೇಳಿದ್ದು ಇಷ್ಟೇ: "ಒಂದ್ಸಲ ಊದಪ್ಪ." ಎರಡು ನಿಮಿಷ ಸದ್ದಿಲ್ಲ. ಆಮೇಲೆ "ಬರೀ ಹೊಟ್ಟು ಕಣಣ್ಣ" ಅಂದ. ಅವನ ಹಕ್ಕಿ ಬದುಕಿತು.

ನೀರಿನ ಬಾಟಲಿ ತೂತು ಕಟ್ಟಿಕೊಂಡಿದೆಯಾ ನೋಡಿ. ತಟ್ಟೆಗೆ ಹೊಸ ಪೇಪರ್ ಹಾಸಿ ಒಂದು ಗಂಟೆ ಬಿಟ್ಟು ಹಿಕ್ಕೆ ನೋಡಿ. ಸಣ್ಣಗೆ, ಗಟ್ಟಿಯಾಗಿ, ಕಪ್ಪಿನ ಮೇಲೆ ಬಿಳಿ ಇದ್ದರೆ ಸರಿ. ನೀರುನೀರು, ಪಚ್ಚೆ ಹಸಿರು, ರಕ್ತದ ಗೆರೆ, ಇವು ಸರಿಯಲ್ಲ. ಹಿಕ್ಕೆಯೇ ಇಲ್ಲದಿದ್ದರೆ ತಿಂದೇ ಇಲ್ಲ.

ಇದಾದ ಮೇಲೆ ಬಿಸಿ. ಸಣ್ಣ ಪಂಜರದ ಒಂದು ಬದಿಗೆ, ಹೊರಗಡೆ, 40 ವ್ಯಾಟ್‌ನ ಹಳೇ ಕಾಲದ ಬುರುಡೆ ಬಲ್ಬ್ ಇಡಿ. ಎಲ್‌ಇಡಿ ಬಲ್ಬ್ ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ಬಲ್ಬ್ ಕಡೆ 30ರಿಂದ 32 ಡಿಗ್ರಿ ಇರಲಿ, ಇನ್ನೊಂದು ಬದಿ ತಂಪಾಗೇ ಇರಲಿ, ಹಕ್ಕಿಗೆ ಬೇಕಾದ ಕಡೆ ಅದೇ ಹೋಗುತ್ತದೆ. ಕೊಕ್ಕು ತೆರೆದು ಏದುಸಿರು ಬಿಟ್ಟರೆ ಬಿಸಿ ಜಾಸ್ತಿಯಾಗಿದೆ. ಏಪ್ರಿಲ್ ಮಧ್ಯಾಹ್ನ ಮಂಡ್ಯದಲ್ಲಿ ಬಲ್ಬ್ ಹಚ್ಚುವ ಅಗತ್ಯ ಇಲ್ಲ. ವೈರಿಗೆ ಹಕ್ಕಿಯ ಕೊಕ್ಕು ಎಟುಕಬಾರದು, ಬಲ್ಬಿಗೆ ಬಟ್ಟೆ ತಾಗಬಾರದು. ಬೆಂಕಿ ಹತ್ತುತ್ತದೆ.

ಅರ್ಧ ದಿನ ಬಿಸಿ ಕೊಟ್ಟರೂ ಹಕ್ಕಿ ತಿನ್ನದಿದ್ದರೆ, ಅಥವಾ ತಟ್ಟೆಗೆ ಇಳಿದು ಕೂತಿದ್ದರೆ, ಮನೆಮದ್ದು ನಿಲ್ಲಿಸಿ. ಹಕ್ಕಿ ನೋಡುವ ಪಶುವೈದ್ಯರ ಹತ್ತಿರ ಹೋಗಿ. ಹಸು ನೋಡುವವರೆಲ್ಲ ಫಿಂಚ್ ನೋಡುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿ.

ಉಸಿರಿನ ಜೊತೆ ಟಿಕ್ ಟಿಕ್ ಸದ್ದು, ಬಾಲ ಕುಣಿಯುತ್ತಿದೆ

ರಾತ್ರಿ ಟಿವಿ, ಫ್ಯಾನ್ ಎಲ್ಲ ಆರಿಸಿ ಪಂಜರದ ಹತ್ತಿರ ಕಿವಿ ಕೊಡಿ. ಉಸಿರಾಡಿದಾಗಲೆಲ್ಲ ಸದ್ದು ಬಂದರೆ, ಹಾಡು ನಿಲ್ಲಿಸಿದ್ದರೆ, ಕೊಕ್ಕನ್ನು ಕೋಲಿಗೆ ಪದೇಪದೇ ಒರೆಸುತ್ತಿದ್ದರೆ ಉಸಿರಾಟದ ನಾಳ, ಗಾಳಿಚೀಲಗಳಲ್ಲಿ ಕೂರುವ ಸಣ್ಣ ನುಸಿಯ ಸಂಶಯ ಪಡಬೇಕು. ಕಣ್ಣಿಗೆ ಕಾಣುವುದಿಲ್ಲ. ಒಂದರಿಂದ ಒಂದಕ್ಕೆ ಹಬ್ಬುತ್ತದೆ, ತಾಯಿತಂದೆ ಗುಟುಕು ಕೊಡುವಾಗ ಮರಿಗೂ ಹೋಗುತ್ತದೆ. ಬೇರೆ ಸೋಂಕಿಗೂ ಇದೇ ತರಹದ ಸದ್ದು ಬರಬಹುದು, ಆದ್ದರಿಂದ ಸದ್ದು ಕೇಳಿ ನೀವೇ ಔಷಧಿ ತೀರ್ಮಾನ ಮಾಡಬೇಡಿ.

ನುಸಿಗೆ ಸಾಮಾನ್ಯವಾಗಿ ಐವರ್‌ಮೆಕ್ಟಿನ್ ಕೊಡುತ್ತಾರೆ. ನಮ್ಮ ಕಡೆ ಹಸು ಕುರಿ ಇರುವ ಮನೆಗಳಲ್ಲಿ ಅದರ ಬಾಟಲಿ ಹಟ್ಟಿಯ ಮೂಲೆಯಲ್ಲೇ ಇರುತ್ತದೆ, ಅದೇ ಅಪಾಯ. ಮುನ್ನೂರು ಕೆಜಿ ಹಸುವಿಗೆ ಮಾಡಿದ ಔಷಧಿ ಅದು. ಹನ್ನೆರಡು ಗ್ರಾಂ ಹಕ್ಕಿಗೆ ಎಷ್ಟು ಅಂತ ತೂಕ ನೋಡಿ, ತೆಳು ಮಾಡಿ ಕೊಡುವುದು ವೈದ್ಯರ ಕೆಲಸ. "ಒಂದು ತೊಟ್ಟು ತಾನೇ" ಅಂತ ಬಾಯಿಗೆ ಬಿಟ್ಟು ಹಕ್ಕಿ ಕಳೆದುಕೊಂಡವರು ಇದ್ದಾರೆ.

ಔಷಧಿಗೆ ಮುಂಚೆ ಮನೆಯೊಳಗಿನ ಗಾಳಿ ನೋಡಿ. ಸೊಳ್ಳೆ ಬತ್ತಿ, ಊದುಬತ್ತಿ, ಸಾಂಬ್ರಾಣಿ ಹೊಗೆ, ಒಗ್ಗರಣೆ ಘಾಟು. ದೇವರ ಮನೆ ಪಕ್ಕದಲ್ಲೇ ಪಂಜರ ನೇತು ಹಾಕುವ ಮನೆ ನಮ್ಮಲ್ಲಿ ಬೇಕಾದಷ್ಟಿವೆ. ನಾನ್‌ಸ್ಟಿಕ್ ತವಾ ಖಾಲಿ ಕಾದು ಹೊಗೆಯಾಡಿದರಂತೂ ಹಕ್ಕಿ ನಿಮಿಷಗಳಲ್ಲಿ ಸಾಯಬಹುದು.

ದಿನವಿಡೀ ಕೂಗುತ್ತದೆ, ಆದರೆ ತಿನ್ನುತ್ತದೆ

ಇದಕ್ಕೆ ಹೆದರಬೇಡಿ. ಜೀಬ್ರಾ ಫಿಂಚ್ ಆಸ್ಟ್ರೇಲಿಯಾದ ಬಯಲಿನಲ್ಲಿ ಗುಂಪು ಕಟ್ಟಿಕೊಂಡು ಬದುಕುವ ಹಕ್ಕಿ. ಜೋಡಿ ಕಣ್ಣಿಗೆ ಕಾಣದಿದ್ದರೆ ದೂರಕ್ಕೆ ಕೇಳುವ ಹಾಗೆ ಕರೆಯುತ್ತದೆ. ಕೆಲವು ದಿನದಲ್ಲಿ ಕಡಿಮೆಯಾಗುತ್ತದೆ. ಬೇರೆ ಫಿಂಚ್ ಇದ್ದರೆ ಸದ್ದು ಕೇಳುವಷ್ಟು ದೂರದಲ್ಲಿ ಇಡಿ, ಮೇಲೆ ಹೇಳಿದ ಲಕ್ಷಣ ಯಾವುದೂ ಇಲ್ಲದಿದ್ದರೆ ಮಾತ್ರ. ಪಂಜರದ ಜಾಗ ಬದಲಾಯಿಸಬೇಡಿ. ಕನ್ನಡಿ ಇಡಿ ಅಂತಾರೆ, ನನಗೆ ಅದರಲ್ಲಿ ನಂಬಿಕೆ ಇಲ್ಲ.

ನೋಡಲಾರದೆ ಚಾಮುಂಡಿ ಬೆಟ್ಟದಲ್ಲಿ ಬಿಟ್ಟು ಬರ್ತೀನಿ ಅನ್ನುವವರಿದ್ದಾರೆ. ಪುಣ್ಯ ಬರುವುದಿಲ್ಲ. ತಲೆಮಾರುಗಳಿಂದ ಪಂಜರದಲ್ಲೇ ಬೆಳೆದ ಹಕ್ಕಿಗೆ ಗಿಡುಗ ಅಂದರೇನು ಗೊತ್ತಿಲ್ಲ.

ಗೂಡಿಗೆ ಕಟ್ಟಿದ ಮಡಕೆಯಲ್ಲಿ ಮೊಟ್ಟೆ ಇದೆ

ಜೀಬ್ರಾ ಫಿಂಚ್‌ನಲ್ಲಿ ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೂರುತ್ತವೆ. ಹನ್ನೆರಡರಿಂದ ಹದಿನಾಲ್ಕು ದಿನಕ್ಕೆ ಮರಿ. ಒಂದೇ ಉಳಿದರೆ ಅದು ತಿನ್ನಲು ಎದ್ದಾಗಲೆಲ್ಲ ಮೊಟ್ಟೆ ತಣ್ಣಗಾಗುತ್ತದೆ. ಬೇಸಿಗೆಯಲ್ಲಿ ನಡೆದೀತು, ಡಿಸೆಂಬರ್ ಜನವರಿ ಬೆಳಗಿನ ಜಾವ ಕಷ್ಟ.

ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆ ಹಿಡಿದು ನೋಡಿ. ಕಾವು ಶುರುವಾಗಿ ಐದಾರು ದಿನವಾಗಿದ್ದರೆ ಒಳಗೆ ಕೂದಲೆಳೆಯಂಥ ಕೆಂಪು ನಾಳಗಳು ಜೇಡರ ಬಲೆಯ ಹಾಗೆ ಕಾಣುತ್ತವೆ. ಬರೀ ಹಳದಿ ಬೆಳಕಾದರೆ ಪೊಳ್ಳು. ನಾಳ ಇಲ್ಲದೆ ಒಂದೇ ಕೆಂಪು ಉಂಗುರ ಇದ್ದರೆ ಒಳಗಿನದು ಸತ್ತಿದೆ. ಉಗುರು ತಾಗದ ಹಾಗೆ ಹಿಡಿಯಿರಿ, ಸಿಪ್ಪೆ ಅಷ್ಟು ತೆಳು.

ನಾಳ ಕಂಡು, ಉಳಿದ ಹಕ್ಕಿ ಕೂರುತ್ತಿದ್ದರೆ ಕಾಳು ನೀರನ್ನು ಮಡಕೆಯ ಬಾಯಿ ಹತ್ತಿರವೇ ಇಟ್ಟು ಸುಮ್ನೆ ಬಿಡಿ. ಕೂರುತ್ತಿಲ್ಲ, ಆದರೆ ಮೊಟ್ಟೆಗೆ ಜೀವ ಇದೆ ಅಂದರೆ ಬೆಂಗಾಲಿ ಫಿಂಚ್ ಇರುವವರನ್ನು ಹುಡುಕಿ. ಬೇರೆಯವರ ಮೊಟ್ಟೆಗೆ ಕಾವು ಕೂರುವುದರಲ್ಲಿ, ಮರಿ ಸಾಕುವುದರಲ್ಲಿ ಅದಕ್ಕಿಂತ ದೊಡ್ಡ ಮನಸ್ಸಿನ ಹಕ್ಕಿ ಇಲ್ಲ. ಅದರ ಮೊಟ್ಟೆಗಳೂ ಹೆಚ್ಚುಕಡಿಮೆ ಅಷ್ಟೇ ದಿನದವಾಗಿರಬೇಕು. ಕಾವು ಶುರುವಾದ ಮೇಲೆ ಒಂದೆರಡು ಗಂಟೆ ತಣ್ಣಗಾದದ್ದು ಉಳಿಯುವುದುಂಟು. ಚಳಿಗಾಲದ ಇಡೀ ರಾತ್ರಿ ತಣ್ಣಗಿದ್ದರೆ ಆಸೆ ಬಿಡಿ.

ಗಂಡು ಸತ್ತ ಮೇಲೂ ಹೆಣ್ಣು ಮೊಟ್ಟೆ ಇಟ್ಟಿತು, ಇದು ಹೇಗೆ ಅಂತ ಕೇಳುತ್ತಾರೆ. ಕೂಡಿದ ಮೇಲೆ ಗಂಡಿನ ಬೀಜ ಹೆಣ್ಣಿನ ಒಳಗೆ ಸುಮಾರು ಹತ್ತು ದಿನ ಉಳಿಯುತ್ತದೆ. ಅಷ್ಟು ದಿನದೊಳಗಿನ ಮೊಟ್ಟೆ ಮರಿಯಾದರೂ ಆದೀತು, ಬಿಸಾಡುವ ಮುಂಚೆ ಟಾರ್ಚ್ ಹಿಡಿಯಿರಿ. ಅದಾದ ಮೇಲೂ ಇಡುತ್ತಲೇ ಇದ್ದರೆ ಸುಣ್ಣದ ಅಂಶವೆಲ್ಲ ಸೋರಿಹೋಗುತ್ತದೆ. ಕಾವಿನಲ್ಲಿ ಏನೂ ಉಳಿಯದಿದ್ದಾಗ ಮಡಕೆ, ತೆಂಗಿನ ನಾರು ಎಲ್ಲ ಹೊರಗೆ ತೆಗೆಯಿರಿ. ಕಟಲ್ ಬೋನ್ (ಸುಣ್ಣದ ಅಂಶಕ್ಕೆ ಹಕ್ಕಿ ಕುಕ್ಕುವ, ಸಮುದ್ರ ಜೀವಿಯೊಂದರ ಬಿಳಿ ಚಿಪ್ಪು) ಅಥವಾ ಬೇಯಿಸಿ ಒಣಗಿಸಿ ಪುಡಿ ಮಾಡಿದ ಮೊಟ್ಟೆ ಸಿಪ್ಪೆ ಯಾವಾಗಲೂ ಇರಲಿ.

ಅದೇ ಹೆಣ್ಣು ತಟ್ಟೆಯಲ್ಲಿ ಕಾಲು ಅಗಲಿಸಿ ಕೂತು ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿದೆ. ಬಿಸಿ ಕೊಡಿ, ವೈದ್ಯರ ಹತ್ತಿರ ಓಡಿ. ಹೊಟ್ಟೆ ಅಮುಕಬೇಡಿ, ಒಳಗೇ ಒಡೆದರೆ ಉಳಿಯುವುದಿಲ್ಲ.

ಮರಿಗಳಿವೆ, ಸಾಕುವುದು ಒಂದೇ

ಇಲ್ಲಿ ಲೆಕ್ಕ ಮರಿಯ ವಯಸ್ಸಿನದು. ಕಣ್ಣು ತೆರೆಯದ, ಗರಿ ಇಲ್ಲದ ಮೊದಲ ಆರೇಳು ದಿನ ಅವಕ್ಕೆ ಸ್ವಂತ ಬಿಸಿ ಇಲ್ಲ. ಒಂದೇ ಹಕ್ಕಿ ಕಾವೂ ಕೊಡಬೇಕು, ತಿಂದು ಬಂದು ಗುಟುಕೂ ಕೊಡಬೇಕು. ಎರಡು ಮೂರು ಮರಿಯಾದರೆ ಆಗುತ್ತದೆ, ಐದಾದರೆ ಕೊನೆಯದು ಹಿಂದೆ ಬೀಳುತ್ತದೆ. ಹತ್ತು ದಿನ ದಾಟಿ ಮುಳ್ಳಿನಂಥ ಎಳೆ ಗರಿ ಬಿಚ್ಚಿಕೊಳ್ಳುತ್ತಿದ್ದರೆ ಅರ್ಧ ಗೆದ್ದಿರಿ. ಹದಿನೆಂಟರಿಂದ ಇಪ್ಪತ್ತೊಂದು ದಿನಕ್ಕೆ ಮಡಕೆಯಿಂದ ಹೊರಗೆ ಬರುತ್ತವೆ, ಸ್ವಂತವಾಗಿ ತಿನ್ನಲು ಮೂವತ್ತೈದು ದಿನವಾದರೂ ಬೇಕು. ಹೊರಗೆ ಬಂದವಲ್ಲ ಅಂತ ಬೇರೆ ಮಾಡಿ ಸಾಯಿಸಿದವರು ಬಹಳ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮಡಕೆಗೆ ಟಾರ್ಚ್ ಬಿಡಿ. ಮರಿಯ ಕತ್ತಿನ ಬದಿಯಲ್ಲಿ ಚರ್ಮ ಪಾರದರ್ಶಕ, ಒಳಗೆ ಕಾಳುಗಳು ಒಂದೊಂದಾಗಿ ಎಣಿಸುವ ಹಾಗೆ ಕಾಣುತ್ತವೆ. ಅಲ್ಲಿ ಚೀಲ ಉಬ್ಬಿದ್ದರೆ ಮರಿ ಬೆಳಗಿನವರೆಗೆ ತಡೆಯುತ್ತದೆ. ಚಪ್ಪಟೆಯಾಗಿದ್ದು, ಕೂಗಲೂ ಶಕ್ತಿಯಿಲ್ಲದೆ ತಣ್ಣಗೆ ಬಿದ್ದಿದ್ದರೆ ಗುಟುಕು ಸಿಗುತ್ತಿಲ್ಲ.

ಸುಲಭದ್ದು ಮೊದಲು. ಬೇಯಿಸಿದ ಮೊಟ್ಟೆ ಹಿಸುಕಿ ಕೊಡಿ, ಮೊಳಕೆ ಬಂದ ನವಣೆ ಕೊಡಿ, ತೊಳೆದ ಕೊತ್ತಂಬರಿ ಸೊಪ್ಪು ಕೊಡಿ. ಮೊಟ್ಟೆಯನ್ನು ಎರಡು ಮೂರು ಗಂಟೆಗೆ ತೆಗೆದುಬಿಡಿ, ಸೆಕೆಗೆ ಹಳಸುತ್ತದೆ, ಇರುವೆಯೂ ಬರುತ್ತದೆ. ಇರುವೆ ಮಡಕೆಗೆ ಹತ್ತಿದರೆ ಮರಿಗಳ ಕಥೆ ಮುಗಿಯಿತು, ಪಂಜರ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಿ. ಇಷ್ಟಾದರೂ ಚೀಲ ಖಾಲಿಯಾದರೆ ಮತ್ತೆ ಬೆಂಗಾಲಿ ಫಿಂಚ್, ಅದೇ ವಯಸ್ಸಿನ ಮರಿ ಇರುವ ಜೋಡಿ. ಕೈಯಿಂದ ಗುಟುಕು ಕೊಡುವುದು ಕೊನೇ ದಾರಿ. ಹಗಲೆಲ್ಲ ಗಂಟೆ ಎರಡು ಗಂಟೆಗೊಮ್ಮೆ, ಮರಿಗೆಂದೇ ಸಿಗುವ ಪುಡಿಯನ್ನು ಮೈ ಬಿಸಿಗೆ ಕಲಸಿ ಕೊಡಬೇಕು. ಒಮ್ಮೆ ಮಾಡಿದವರಿಂದ ನೋಡಿ ಕಲಿಯಿರಿ, ಓದಿ ಮಾಡುವಂಥದ್ದಲ್ಲ. ತಣ್ಣಗಿರುವ ಮರಿಗೆ ತಿನ್ನಿಸಬೇಡಿ, ಮೊದಲು ಬೆಚ್ಚಗೆ ಮಾಡಿ. ಹಸುವಿನ ಹಾಲು ಬೇಡ, ಹಕ್ಕಿಗೆ ಅರಗುವುದಿಲ್ಲ. ಬಾಯಿಗೆ ನೀರು ಬಿಡಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಉಳಿದ ಹಕ್ಕಿ ಮರಿಗಳ ಮೇಲೇ ನಾರು ಹೊದಿಸುತ್ತಿದೆ, ಮರಿಯ ಗರಿ ಕೀಳುತ್ತಿದೆ

ಒಂಟಿಯಾದ ಗಂಡಿಗೆ ಮತ್ತೆ ಗೂಡು ಕಟ್ಟುವ ಆತುರ. ಪಂಜರದಲ್ಲಿ ನಾರು, ಹುಲ್ಲು, ಹತ್ತಿ ಏನಿದ್ದರೂ ತೆಗೆಯಿರಿ. ಬಹುತೇಕ ಅಷ್ಟಕ್ಕೇ ನಿಲ್ಲುತ್ತದೆ. ಸ್ವಂತವಾಗಿ ತಿನ್ನುವ ಮರಿಯನ್ನು ಓಡಿಸುತ್ತಿದ್ದರೆ ಬೇರೆ ಮಾಡಿ. ಇನ್ನೂ ಗುಟುಕು ಬೇಕಾದ ಮರಿಯಾದರೆ ನಡುವೆ ಜಾಲರಿ ಹಾಕಿ, ಜಾಲರಿಯಲ್ಲೇ ಗುಟುಕು ಕೊಡುವುದುಂಟು. ಕೊಡುತ್ತಿದೆಯಾ ಅಂತ ಸಂಜೆ ಚೀಲ ನೋಡಿ ಖಾತ್ರಿ ಮಾಡಿಕೊಳ್ಳಿ.

ಹೊಸ ಜೋಡಿ ತಂದಿದ್ದೀನಿ, ಕಚ್ಚಾಡುತ್ತಿವೆ

ಮರಿಗಳು ಮಡಕೆಯಲ್ಲಿರುವಾಗ ಹೊಸ ಹಕ್ಕಿ ಬಿಡಲೇಬಾರದು, ಎತ್ತಿ ಹೊರಗೆ ಹಾಕುತ್ತದೆ. ಮರಿ ಎಲ್ಲ ಬೇರೆಯಾದ ಮೇಲೆ ತಂದರೂ ಮೂವತ್ತು ದಿನ ಇನ್ನೊಂದು ಕೋಣೆಯಲ್ಲಿಡಿ. ಹಳೆಯದಕ್ಕೆ ಮೊದಲು ಕಾಳು ಹಾಕಿ, ಹೊಸದಕ್ಕೆ ಆಮೇಲೆ. ಮೂವತ್ತು ದಿನ ಅಂದರೆ ಮನೆಯವರೂ ನಗುತ್ತಾರೆ, "ಮಗಳಿಗೆ ಗಂಡು ನೋಡಿದ್ದೂ ಇಷ್ಟು ದಿನ ಆಗ್ಲಿಲ್ಲ ಕಣ್ರೀ" ಅಂದಳು ನನ್ನ ಹೆಂಡತಿ. ನಗಲಿ. ಆಗ ರಾತ್ರಿ ಕಿವಿ ಕೊಟ್ಟು ಕೇಳುವ ಕೆಲಸ ಬಿಡಬೇಡಿ.

ಆಮೇಲೆ ಒಂದು ವಾರ ಪಂಜರಗಳನ್ನು ಅಕ್ಕಪಕ್ಕ ಇಡಿ. ಸೇರಿಸುವಾಗ ಎರಡಕ್ಕೂ ಹೊಸದಾದ ಪಂಜರಕ್ಕೆ, ಮಡಕೆ ಇಲ್ಲದೆ, ಎರಡು ಕಾಳಿನ ಬಟ್ಟಲಿಟ್ಟು ಬಿಡಿ. ಸ್ವಲ್ಪ ಓಡಿಸಾಟ ಇದ್ದದ್ದೇ. ಅರ್ಧ ಗಂಟೆಯಾದರೂ ಒಂದು ಮೂಲೆ ಬಿಟ್ಟು ಏಳದಿದ್ದರೆ, ತಲೆಯ ಗರಿ ಕಿತ್ತಿದ್ದರೆ, ರಕ್ತ ಕಂಡರೆ ತಕ್ಷಣ ಬೇರೆ ಮಾಡಿ. ಒಂದು ವಾರ ಬಿಟ್ಟು ಮತ್ತೆ ನೋಡಿ. ಎರಡನೇ ಸಲವೂ ಇದೇ ಆದರೆ ಬೇರೆ ಹಕ್ಕಿ ನೋಡಬೇಕು, ಅವಕ್ಕೂ ಇಷ್ಟಾನಿಷ್ಟ ಇದೆ. ಮೈಗೆ ಮೈ ಅಂಟಿಸಿ ಕೂತು ಒಂದರ ಕತ್ತು ಇನ್ನೊಂದು ಸವರುತ್ತಿದ್ದರೆ ಒಪ್ಪಿದ ಹಾಗೆ, ಆಗ ಮಡಕೆ ಕಟ್ಟಿ. ಆರು ತಿಂಗಳಿಗಿಂತ ಚಿಕ್ಕದನ್ನು ಮರಿ ಮಾಡಲು ಬಿಡಬೇಡಿ. ಉಳಿದದ್ದು ತಾಯಿಯಾದರೆ ಅದರ ಮಗನನ್ನೇ ಜೋಡಿ ಮಾಡಬೇಡಿ, ಬಿಟ್ಟರೆ ಅವೇ ಮಾಡಿಕೊಳ್ಳುತ್ತವೆ.

ಕಡಿಮೆ ಬೆಲೆಗೆ ಯಾರಾದರೂ ರಾಟವಾಳ ಹಿಡಿದು ತಂದು ಕೊಟ್ಟರೆ ಬೇಡ ಅನ್ನಿ. ಭತ್ತ ರಾಗಿ ಹೊಲದಲ್ಲಿ ಹಿಂಡಾಗಿ ಇಳಿಯುವ ನಮ್ಮ ಕಾಡುಹಕ್ಕಿ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹಿಡಿಯುವುದೂ ಮಾರುವುದೂ ಅಪರಾಧ.

ಜೋಡಿ ಅನ್ಯೋನ್ಯವಾಗಿದೆ, ಮೊಟ್ಟೆ ಎಲ್ಲ ಪೊಳ್ಳು

ಮೊದಲು ಎಣಿಸಿ. ಒಂದು ಸಲಕ್ಕೆ ನಾಲ್ಕರಿಂದ ಆರು ಮೊಟ್ಟೆ ಸಾಮಾನ್ಯ. ಎಂಟು ಹತ್ತು ಇದ್ದು ಎಲ್ಲ ಪೊಳ್ಳಾದರೆ ನೀವು ಎರಡು ಹೆಣ್ಣು ಸಾಕುತ್ತಿರಬಹುದು. ಬೂದು ಬಣ್ಣದ ಹಕ್ಕಿಯಲ್ಲಿ ಗಂಡಿಗೆ ಕೆನ್ನೆಯಲ್ಲಿ ಕಿತ್ತಳೆ ಮಚ್ಚೆ, ಎದೆಯಲ್ಲಿ ಕಪ್ಪು ಪಟ್ಟಿ, ಪಕ್ಕದಲ್ಲಿ ಬಿಳಿ ಚುಕ್ಕಿ ಇರುತ್ತದೆ. ಮೋಸ ಆಗುವುದು ಪೂರ್ತಿ ಬಿಳಿ ಬಣ್ಣದ್ದರಲ್ಲಿ. ಅಲ್ಲಿ ಕೊಕ್ಕು ನೋಡಬೇಕು, ಗಂಡಿನದು ಕಡು ಕೆಂಪು, ಹೆಣ್ಣಿನದು ಸ್ವಲ್ಪ ತಿಳಿ ಕಿತ್ತಳೆ. ಅದಕ್ಕಿಂತ ಖಾತ್ರಿಯದು ಹಾಡು. ಜೀಬ್ರಾ ಫಿಂಚ್‌ನಲ್ಲಿ ಗಂಡು ಮಾತ್ರ ಹಾಡುತ್ತದೆ, ಹೆಣ್ಣು ಬರೀ ಕರೆಯುತ್ತದೆ. ಅಂಗಡಿಯಲ್ಲಿ ನಿಂತು ಹಾಡುವವರೆಗೂ ಕಾಯಿರಿ, ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಗಂಡು ಹೆಣ್ಣು ಸರಿಯಿದ್ದೂ ಪೊಳ್ಳಾದರೆ ಕೋಲು ಅಲ್ಲಾಡುತ್ತದಾ ನೋಡಿ. ಅಲ್ಲಾಡುವ ಕೋಲಿನ ಮೇಲೆ ಸರಿಯಾಗಿ ಕೂಡುವುದಕ್ಕೆ ಆಗುವುದಿಲ್ಲ. ಎರಡು ತಂತಿ ಬಿಗಿದು ಇನ್ನೊಂದು ಸಲ ಮೊಟ್ಟೆ ಇಡಲು ಬಿಡಿ. ಎರಡನೇ ಸಲವೂ ಪೊಳ್ಳಾದರೆ ಮಡಕೆ ತೆಗೆದು ಮೂರು ತಿಂಗಳು ಇಬ್ಬರಿಗೂ ವಿಶ್ರಾಂತಿ ಕೊಡಿ, ಆಮೇಲೆ ವೈದ್ಯರಿಗೆ ತೋರಿಸಿ.